ಪೋಲೆಂಡಿನ ಪತ್ರಕರ್ತ ಬಿಟ್ಟ ಸಾಲು

ಆ ಬೇಸಿಗೆ ನಮ್ಮ ಕ್ಷೇತ್ರದಲ್ಲಿ ವಿಧಾನಸಭಾ ಚುನಾವಣೆ. ಕಾರವಾರದ ಕಚೇರಿಯಲ್ಲಿ ರಾಜಕೀಯ ವರದಿಗಾರ್ತಿ ನಾನೊಬ್ಬಳೇ. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ಪೋಲೆಂಡಿನಿಂದ ಒಬ್ಬ ಪತ್ರಕರ್ತರು ಬರುತ್ತಿದ್ದಾರೆ, ಕನ್ನಡ ಕೊಂಕಣಿ ಎರಡೂ ಬಲ್ಲ, ರಾಜಕೀಯ ಗೊತ್ತಿರುವ ಒಬ್ಬರು ಜೊತೆಗೆ ಬೇಕಂತೆ ಎಂದರು. ನಮ್ಮ ಬ್ಯೂರೋ ಮುಖ್ಯಸ್ಥರನ್ನು ಕೇಳಿದೆ. "ನಿಮ್ಮ ಸುದ್ದಿ ತಪ್ಪದಿದ್ದರೆ ಸರಿ. ಅವರು ಪೋಲೆಂಡಿನಲ್ಲಿ ಏನಾದರೂ ಬರೆದುಕೊಳ್ಳಲಿ" ಎಂದು ನಕ್ಕರು.

ರೈಲು ನಿಲ್ದಾಣ ಶಿರವಾಡದ ನಮ್ಮ ಮನೆಗೆ ನಡೆದು ಹೋಗುವಷ್ಟು ಹತ್ತಿರ. ರೈಲಿನಿಂದ ಇಳಿದವರು ಅರವತ್ತು ದಾಟಿದ, ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಕೈಕುಲುಕಿದವರೇ ಮೊದಲು ಕೇಳಿದ್ದು, "ನಿಮ್ಮ ಪತ್ರಿಕೆಯ ಮಾಲೀಕರು ಯಾವ ಪಕ್ಷದ ಕಡೆ?" ನಾನು ಉತ್ತರ ಹುಡುಕುತ್ತಿದ್ದಾಗ, "ಬೇಡ ಬಿಡಿ, ನಮ್ಮಲ್ಲೂ ಹಾಗೇ" ಎಂದರು.

ಅವರ ವಾರಪತ್ರಿಕೆಗೆ ಬೇಕಾಗಿದ್ದದ್ದು ಒಂದು ಲೇಖನಮಾಲೆ. ಹೊಸ ಬಂದರು ಬರಲಿರುವ ಊರುಗಳಲ್ಲಿ ರಾಜಕಾರಣಿಗಳು ಜನರಿಗೆ ಏನು ಹೇಳಿ ಮತ ಕೇಳುತ್ತಾರೆ ಎಂಬುದು ವಿಷಯ. ಅಂಕೋಲೆಯ ಕಡೆಯ ಒಂದು ಮೀನುಗಾರರ ಕೇರಿಯ ಮುಂದೆ ಖಾಸಗಿ ಬಂದರಿನ ಮಾತು ಎದ್ದಿತ್ತು. ಅದು ಬೇಡವೆಂದು ಜನ ಮರಳಿನ ಮೇಲೆ ಚಪ್ಪರ ಹಾಕಿ ಧರಣಿ ಕೂತಿದ್ದರು. ನಾವು ದಿನಾ ಬೆಳಿಗ್ಗೆ ಕಾರವಾರದಿಂದ ಬಾಡಿಗೆ ಕಾರಿನಲ್ಲಿ ಅಲ್ಲಿಗೆ ಹೊರಡುತ್ತಿದ್ದೆವು. ಹೆದ್ದಾರಿಯಲ್ಲಿ ಬಲಕ್ಕೆ ನೌಕಾನೆಲೆಯ ಗೋಡೆ ಬಂದಾಗ ಕ್ಯಾಮೆರಾವನ್ನು ಚೀಲದೊಳಗೆ ಹಾಕಿ ಜಿಪ್ ಎಳೆದುಬಿಡಿ ಎಂದು ಮೊದಲ ದಿನವೇ ಹೇಳಿದ್ದೆ. ಅವರು ಮಗುವಿನ ಹಾಗೆ ಪಾಲಿಸುತ್ತಿದ್ದರು. ಲಾಡ್ಜಿನವರು ವಿದೇಶಿಯರ ವಿವರ ಪೊಲೀಸರಿಗೆ ಕಳಿಸಬೇಕು, ಪತ್ರಕರ್ತರ ವೀಸಾದ ಪ್ರತಿ ಜೊತೆಯಲ್ಲಿರಬೇಕು, ಯಾವ ಊರಿಗೆ ಹೋಗುತ್ತೇವೆಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡಬೇಕು. ಇವೆಲ್ಲ ಅವರಿಗೆ ಹೊಸದಲ್ಲ. "ನಾನು ಹುಟ್ಟಿದ್ದೇ ಇಂಥ ದೇಶದಲ್ಲಿ" ಎನ್ನುತ್ತಿದ್ದರು.

ಅವರ ಬದುಕು ನನಗೆ ತಿಳಿದದ್ದು ಆ ದಾರಿಯಲ್ಲಿ, ತುಂಡು ತುಂಡಾಗಿ. ತಂದೆ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಬೆಸುಗೆ ಹಾಕುವವರು. ಆ ಕಾರ್ಮಿಕರು ಸರ್ಕಾರದ ವಿರುದ್ಧ ಎದ್ದಾಗ ಇವರಿನ್ನೂ ವಿದ್ಯಾರ್ಥಿ. ಕದ್ದು ಅಚ್ಚು ಹಾಕಿದ ಹಾಳೆಗಳನ್ನು ಕೋಟಿನ ಒಳಗೆ ಇಟ್ಟುಕೊಂಡು ಹಂಚುತ್ತಿದ್ದರಂತೆ. ಸರ್ಕಾರ ಬಿದ್ದ ಮೇಲೆ ಸಂಸತ್ತಿನ ವರದಿಗಾರರಾದರು. ಆಮೇಲೆ ಟಿವಿಯಲ್ಲಿ ಮಂತ್ರಿಗಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವ ಕಾರ್ಯಕ್ರಮ. ಮತ್ತೊಂದು ಸರ್ಕಾರ ಬಂದಾಗ ಒಂದೇ ಬೆಳಿಗ್ಗೆ ಆ ಕಾರ್ಯಕ್ರಮ ಹೋಯಿತು.

"ತೆಗೆದದ್ದು ಯಾರು?" ಎಂದೆ.

"ಹಾಳೆ ಹಂಚುವಾಗ ನನ್ನ ಜೊತೆಗಿದ್ದವರೇ."

ಕೇರಿಯಲ್ಲಿ ನಮ್ಮನ್ನು ಮಾತಾಡಿಸಿದವರು ಅಲ್ಲಿಯ ಯಜಮಾನರು. ಜಗಳ ಬಗೆಹರಿಸುವುದು, ಮದುವೆಗೆ ಮೊದಲ ವೀಳ್ಯ ತೆಗೆದುಕೊಳ್ಳುವುದು, ದೋಣಿ ಯಾವಾಗ ನೀರಿಗಿಳಿಯಬೇಕೆಂದು ಹೇಳುವುದು, ಎಲ್ಲ ಅವರದೇ. ಬಂದರು ವಿರೋಧದ ಸಮಿತಿಗೂ ಅವರೇ ಮುಂದಾಳು. ಪೋಲೆಂಡಿನವರನ್ನು ಮೇಲಿಂದ ಕೆಳಗೆ ನೋಡಿ ನನ್ನನ್ನು ಕೇಳಿದರು, "ತಂಗೀ, ಇವ್ರ ಊರಲ್ಲಿ ಸಮುದ್ರ ಅದ್ಯಾ?"

"ಅದೆ. ಚಳಿಗಾಲದಲ್ಲಿ ದಡದ ನೀರು ಗಟ್ಟಿಯಾಗ್ತದಂತೆ."

"ಅಯ್ಯೋ ದೇವ್ರೇ. ಹಂಗಾರೆ ಬಲೆ ಬಿಡೂದು ಎಲ್ಲಿ?"

ಪೋಲೆಂಡಿನವರು ಬಿದ್ದು ಬಿದ್ದು ನಕ್ಕರು. ಆಮೇಲೆ ಯಜಮಾನರು ಮರಳಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು, ಅಲೆತಡೆ ಗೋಡೆ ಎಲ್ಲಿ ಬರುತ್ತದೆ, ಅದು ಬಂದರೆ ದೋಣಿ ಎಳೆದು ಹಾಕುವ ದಡ ಎಷ್ಟು ಉಳಿಯುತ್ತದೆ ಎಂದು ತೋರಿಸಿದರು. ನಾನು ಭಾಷಾಂತರಿಸಿದೆ. ಭಾವಾರ್ಥ ಹೇಳಿದರೆ ಪೋಲೆಂಡಿನವರು ಕೈಯೆತ್ತಿ ನಿಲ್ಲಿಸುತ್ತಿದ್ದರು. "ಏನು ಹೇಳಬೇಕೆಂದಿದ್ದರು ಅಂತ ಬೇಡ. ಏನು ಹೇಳಿದರು ಅಂತ ಬೇಕು."

ಅದೇ ವಾರ ಗೆಲ್ಲುವ ಅಭ್ಯರ್ಥಿ ಆ ದಡಕ್ಕೆ ಬಂದ. ಗೆಲ್ಲುತ್ತಾನೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಹಾಗೆ ಕರೆಯುತ್ತಿದ್ದೇನೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ನೀರಿಗಿಳಿದು, ಬೊಗಸೆಯಲ್ಲಿ ಸಮುದ್ರದ ನೀರು ತೆಗೆದುಕೊಂಡು, ಈ ನೀರಿನ ಆಣೆ, ನಾನಿರುವ ತನಕ ಇಲ್ಲಿ ಒಂದು ಕಲ್ಲು ಬೀಳುವುದಿಲ್ಲ ಎಂದ. ಹೆಂಗಸರು ಕಣ್ಣೊರೆಸಿಕೊಂಡರು. ನಾನು ಅದನ್ನು ವರದಿ ಮಾಡಿದೆ. ಫೋಟೋ ಸಮೇತ ಮುಖಪುಟದಲ್ಲಿ ಬಂತು.

ಮರುದಿನ ಪೋಲೆಂಡಿನವರಿಗೆ ಅವನ ಸಂದರ್ಶನ ಸಿಕ್ಕಿತು. ಅಂಕೋಲೆಯಲ್ಲಿ ಅವನ ಮನೆಯ ಮುಂದಿನ ಕೋಣೆ, ದೊಡ್ಡ ಸೋಫಾ, ಎಳನೀರು. ಪೋಲೆಂಡಿನವರು ಧ್ವನಿಮುದ್ರಕವನ್ನು ಮೇಜಿನ ನಡುವೆ ಇಟ್ಟು, "ಇದು ಚಾಲೂ ಇದೆ, ಒಪ್ಪಿಗೆಯೇ?" ಎಂದು ಕೇಳಿದರು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ನಾನೂ ನನ್ನ ಮೊಬೈಲನ್ನು ಪಕ್ಕದಲ್ಲಿಟ್ಟೆ. ಅವನು ಧಾರಾಳವಾಗಿ ತಲೆಯಾಡಿಸಿದ. ಮೊದಲು ಇಂಗ್ಲಿಷಿನಲ್ಲಿ ಅಭಿವೃದ್ಧಿ, ಪ್ರವಾಸೋದ್ಯಮ ಎಂದೆಲ್ಲ ಹೇಳಿದ. ಬಂದರಿನ ಪ್ರಶ್ನೆ ಬಂದಾಗ ನನ್ನ ಕಡೆ ತಿರುಗಿ ಕನ್ನಡಕ್ಕೆ ಇಳಿದ.

"ಮೇಡಂ, ಇವ್ರಿಗೆ ನೀವೇ ತಿಳಿಸಿ ಹೇಳಿ. ಬಂದರು ಬಂದೇ ಬರ್ತದೆ. ಅದು ಮೇಲೆ ಆಗಿಹೋದ ಮಾತು. ವೋಟ್ ಮುಗಿಯೂ ತನಕ ಬೇಡ ಅನ್ನೂದು, ಆಮೇಲೆ ಪರಿಹಾರ ಜಾಸ್ತಿ ಕೊಡಿಸ್ತೆ ಅನ್ನೂದು. ಮತ್ತೆಂತಾ ಮಾಡೂಕೆ ಆಗ್ತದೆ? ಇವ್ರ ಪೇಪರು ಇಲ್ಲಿ ಯಾರು ಓದ್ತ್ರು?"

ನಾನು ಒಂದೊಂದೇ ವಾಕ್ಯವಾಗಿ ಅನುವಾದಿಸಿದೆ. ಪೋಲೆಂಡಿನವರ ಮುಖದಲ್ಲಿ ಏನೂ ಕದಲಲಿಲ್ಲ. ಎಳನೀರು ಕುಡಿದು, ಆ ಕೇರಿಯವರು ಒಪ್ಪದಿದ್ದರೆ ಎಂದು ಕೇಳಿದರು. ಅವನು ನಕ್ಕ.

"ಎಲ್ಲಾರೂ ಒಪ್ತ್ರು. ಅವ್ರ ಯಜಮಾನ ಉಂಟಲ್ಲ, ಚಪ್ಪರದಲ್ಲಿ ಮುಂದೆ ಕೂರೂದು, ಅವನೇ ಬಂದು ಇದೇ ಸೋಫಾದ ಮೇಲೆ ಕೂತು ಹೋಗಿದ್ದಾನೆ. ಎಂತಕ್ಕೆ ಬಂದಿದ್ದಾ ಅಂತ ನಾನು ಹೇಳೂದು ಸರಿಯಲ್ಲ."

ಕಾರಿಗೆ ಹತ್ತಿದವಳೇ ಮೊಬೈಲಿನಲ್ಲಿ ದನಿ ಬಂದಿದೆಯೇ ಎಂದು ಹಚ್ಚಿ ನೋಡಿದೆ. ಇಷ್ಟು ವರ್ಷದಲ್ಲಿ ಒಬ್ಬ ರಾಜಕಾರಣಿ ನನ್ನ ಮುಂದೆ, ಧ್ವನಿಮುದ್ರಕದ ಕೆಂಪು ದೀಪ ಉರಿಯುತ್ತಿರುವಾಗ ಇಷ್ಟು ಬೆತ್ತಲೆಯಾಗಿ ಮಾತಾಡಿದ್ದಿಲ್ಲ. ಇವತ್ತೇ ಬರೆಯಿರಿ ಎಂದೆ. ಅವರು ಒಪ್ಪಲಿಲ್ಲ. ಮೊದಲು ನಾನು ಇಡೀ ಸಂದರ್ಶನವನ್ನು ಪದಕ್ಕೆ ಪದ ಇಳಿಸಬೇಕು. ಆಮೇಲೆ ನನ್ನ ಅನುವಾದ ನೋಡದ ಇನ್ನೊಬ್ಬರು ಅದನ್ನೇ ಬೇರೆಯಾಗಿ ಅನುವಾದಿಸಬೇಕು. ಕಾರವಾರದ ನಿವೃತ್ತ ಕನ್ನಡ ಉಪನ್ಯಾಸಕರೊಬ್ಬರಿಗೆ ಕೊಟ್ಟೆವು. ಪೋಲೆಂಡಿನವರು ಎರಡನ್ನೂ ಲಾಡ್ಜಿನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದರು. 'ಮೇಲೆ ಆಗಿಹೋದ ಮಾತು' ಎಂಬುದಕ್ಕೆ ನಾನೂ ಉಪನ್ಯಾಸಕರೂ ಬೇರೆ ಬೇರೆ ಬರೆದಿದ್ದೆವು. ಆ ಒಂದು ಮಾತಿಗೆ ಅರ್ಧ ಬೆಳಿಗ್ಗೆ ಹೋಯಿತು.

ಅದು ಮುಗಿದ ಮೇಲೆ ಅವರು ಹೇಳಿದ್ದು ಕೇಳಿ ನನಗೆ ಸಿಟ್ಟು ಬಂತು. "ಈಗ ಅವನಿಗೆ ಫೋನ್ ಮಾಡಿ. ನೀವು ಹೀಗೆ ಹೇಳಿದ್ದೀರಿ, ದಡದಲ್ಲಿ ಹಾಗೆ ಹೇಳಿದ್ದಿರಿ, ಎರಡನ್ನೂ ಬರೆಯುತ್ತೇನೆ, ಏನಾದರೂ ಹೇಳುವುದಿದೆಯೇ ಎಂದು ಕೇಳಿ. ಆಮೇಲೆ ಯಜಮಾನರನ್ನೂ ಹೋಗಿ ಕೇಳೋಣ."

"ಅವನಿಗೆ ಹೇಳಿದರೆ ನಿಮ್ಮನ್ನು ಇಲ್ಲಿ ಇರಲಿಕ್ಕೆ ಬಿಡುವುದಿಲ್ಲ. ಧ್ವನಿ ಇದೆಯಲ್ಲ, ಮತ್ತೇನು ಬೇಕು?"

ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. ಅಲ್ಲಿಂದಲೇ, ನನ್ನ ಕಡೆ ತಿರುಗದೆ ಹೇಳಿದರು. ಟಿವಿಯಿಂದ ತೆಗೆದ ಮೇಲೆ ಅವರ ದೇಶದ ಒಂದು ಪತ್ರಿಕೆ, ಇವರು ಯೌವನದಲ್ಲಿ ಹಳೆಯ ಸರ್ಕಾರದ ಗುಪ್ತಚರರಿಗೆ ಸುದ್ದಿ ಕೊಡುತ್ತಿದ್ದವರು ಎಂದು ಬರೆಯಿತು. ಬರೆಯುವ ಮೊದಲು ಯಾರೂ ಇವರನ್ನು ಕೇಳಲಿಲ್ಲ. ಕೋರ್ಟಿನಲ್ಲಿ ಅದು ಸುಳ್ಳೆಂದು ತೀರ್ಮಾನವಾಗಲು ವರ್ಷಗಳು ಹಿಡಿದವು. ಅಷ್ಟರಲ್ಲಿ ತಂದೆ ತೀರಿಕೊಂಡರು. ಕಾರ್ಖಾನೆಯಲ್ಲಿ ತಂದೆಯ ಜೊತೆ ದುಡಿದ ಒಬ್ಬರೂ ಮಣ್ಣಿಗೆ ಬರಲಿಲ್ಲ.

"ಒಂದು ಫೋನ್ ಮಾಡಿದ್ದರೆ, ಅವರು ಬರೆದ ಆ ವರ್ಷ ನಾನು ಎಲ್ಲಿದ್ದೆ ಎಂದು ತೋರಿಸುತ್ತಿದ್ದೆ" ಎಂದರು. "ಜೈಲಿನಲ್ಲಿದ್ದೆ."

ಅಭ್ಯರ್ಥಿಗೆ ಫೋನ್ ಮಾಡಿಕೊಟ್ಟೆ. ಪೋಲೆಂಡಿನವರು ಎರಡು ಹೇಳಿಕೆಗಳನ್ನೂ ಓದಿ ಹೇಳಿದರು. ಆಮೇಲೆ ಅವನು ಕನ್ನಡದಲ್ಲಿ, ನನ್ನೊಬ್ಬಳಿಗೇ ಎಂಬಂತೆ, "ಮೇಡಂ, ನೀವು ಇದೇ ಊರಲ್ಲಿ ಇರೂರಲ್ದಾ?" ಎಂದು ಫೋನ್ ಇಟ್ಟ. ಪೋಲೆಂಡಿನವರು ಅದನ್ನೂ ಅನುವಾದಿಸಲು ಹೇಳಿ, ಬರೆದುಕೊಂಡರು.

ಮರುದಿನ ಬೆಳಿಗ್ಗೆ ಲಾಡ್ಜಿಗೆ ಸಾದಾ ಬಟ್ಟೆಯ ಇಬ್ಬರು ಬಂದರು. ಯಾವ ಕಚೇರಿಯವರೆಂದು ನಮಗೆ ಹೇಳಲಿಲ್ಲ. ನಿಷೇಧವಿರುವ ಜಾಗದ ಫೋಟೋ ತೆಗೆದಿದ್ದೀರಿ ಎಂದು ದೂರು ಬಂದಿದೆ ಎಂದರು. ಕ್ಯಾಮೆರಾ ನೋಡಿದರು, ಅದರಲ್ಲಿ ದೋಣಿ, ಬಲೆ, ಮೀನು ಒಣಗಿಸುವ ಹೆಂಗಸರು ಇಷ್ಟೇ. ಆದರೂ ಇವತ್ತೇ ಜಿಲ್ಲೆ ಬಿಟ್ಟರೆ ಎಲ್ಲರಿಗೂ ಒಳ್ಳೆಯದು ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಯಜಮಾನರನ್ನು ಕೇಳಲು ಹೋಗಬೇಕಿದ್ದ ದಿನ ಅದು. ಬದಲಿಗೆ ನಾನು ಅವರನ್ನು ಕಾಳಿ ನದಿಯ ಸೇತುವೆ ದಾಟಿಸಿ ಗೋವಾದ ಗಡಿಯವರೆಗೆ ಬಿಟ್ಟು ಬಂದೆ.

ಅವರ ಲೇಖನ ಬಂತು. ಎರಡು ಹೇಳಿಕೆಗಳೂ ಇದ್ದವು, ಫೋನಿನ ಮಾತೂ ಇತ್ತು. ಯಜಮಾನರು ಸೋಫಾದ ಮೇಲೆ ಕೂತು ಹೋದರೆಂಬ ಸಾಲು ಇರಲಿಲ್ಲ. ಏಕೆಂದು ಕೇಳಿದ್ದಕ್ಕೆ, "ಅವರನ್ನು ಕೇಳಲಾಗಲಿಲ್ಲ. ಒಬ್ಬ ಸುಳ್ಳುಗಾರನ ಬಾಯಿಯ ಮಾತು ಅದು" ಎಂದು ಉತ್ತರ ಬಂತು.

ನಾನೂ ಬರೆದು ನಮ್ಮ ಕಚೇರಿಗೆ ಕೊಟ್ಟೆ. ಬ್ಯೂರೋ ಮುಖ್ಯಸ್ಥರು ಓದಿ, ಕನ್ನಡಕ ತೆಗೆದು ಒರೆಸಿದರು. "ಚುನಾವಣೆ ಹೊತ್ತಲ್ಲಿ ಇದನ್ನು ಹಾಕಲಿಕ್ಕಾಗುವುದಿಲ್ಲ ಮಾರಾಯ್ತಿ. ಮುಗಿದ ಮೇಲೆ ನೋಡುವಾ." ಮುಗಿದ ಮೇಲೆ ಅದನ್ನು ಹಾಕಿ ಏನು ಮಾಡುವುದೆಂದು ನಾನು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಯಾರೋ ಪೋಲಿಷ್ ಲೇಖನವನ್ನು ಮೊಬೈಲಿನಲ್ಲೇ ಕನ್ನಡಕ್ಕೆ ತಿರುಗಿಸಿ ವಾಟ್ಸಾಪಿನಲ್ಲಿ ಬಿಟ್ಟಿದ್ದರು. ಅರ್ಧ ಅರ್ಥವಾಗದ ಕನ್ನಡ. ಆದರೆ ಬಂದರು ಬರುತ್ತದೆ ಎಂಬುದು ಮಾತ್ರ ಸ್ಪಷ್ಟವಾಗಿತ್ತು. ಅಭ್ಯರ್ಥಿಯಿಂದ ತಕ್ಷಣ ನಿರಾಕರಣೆಯ ಹೇಳಿಕೆ ಬಂತು: ವಿದೇಶಿ ಕೈವಾಡ, ತಿರುಚಿದ ಮಾತು, ಸಮುದ್ರ ನನ್ನ ತಾಯಿ. ರಾಜಕೀಯ ವಿಭಾಗ ನನ್ನದಾದ್ದರಿಂದ ಅದು ನನ್ನ ಮೇಜಿಗೇ ಬಂತು. ಅದರ ಕಾಗುಣಿತ ತಿದ್ದಿ ಪುಟಕ್ಕೆ ಕಳಿಸಿದವಳು ನಾನು. ಹೀಗೆ ನಮ್ಮ ಪತ್ರಿಕೆಯ ಓದುಗರು, ಅವನು ಏನು ಹೇಳಿದ್ದನೆಂದು ಎಂದೂ ಓದದೆ, ಅವನು ಅದನ್ನು ಹೇಳಲೇ ಇಲ್ಲ ಎಂಬುದನ್ನು ಮುಖಪುಟದಲ್ಲಿ ಓದಿದರು.

ಆ ದಿನವೇ ಯಜಮಾನರ ಫೋನ್. "ತಂಗೀ, ಜನ ಎರಡು ನಮೂನೆ ಮಾತಾಡ್ತ್ರು. ನಿನ್ನ ಕೈಲಿ ಅವನ ದನಿ ಅದ್ಯಾ?"

"ಅದೆ."

"ಹಂಗಾರೆ ತಕ್ಕೊಂಡು ಬಾ. ಎಲ್ಲಾರೂ ಕೇಳ್ಲಿ."

ಪತ್ರಿಕೆಯಲ್ಲಿ ಬಾರದ್ದನ್ನು ಪತ್ರಿಕೆಯವಳು ಊರ ನಡುವೆ ಕೇಳಿಸುವುದು ಕೆಲಸ ಹೋಗುವ ಕೆಲಸ. ಯೋಚಿಸಿದೆ. ಆ ಬೊಗಸೆ ನೀರಿನ ಆಣೆಯನ್ನು ಮುಖಪುಟಕ್ಕೆ ಕೊಟ್ಟವಳು ನಾನು. ಅದರ ಇನ್ನೊಂದು ಮುಖ ನನ್ನ ಮೊಬೈಲಿನಲ್ಲಿದೆ. ಬಂದರಿನ ಮಾತು ಬರುವ ಭಾಗವನ್ನಷ್ಟೇ ಕೇಳಿಸಿ ನಿಲ್ಲಿಸುವುದೆಂದು ತೀರ್ಮಾನಿಸಿ ಅಂಕೋಲೆಯ ಬಸ್ಸು ಹತ್ತಿದೆ.

ದೋಣಿಗಳು ದಡಕ್ಕೆ ಬಂದು, ಮೀನು ಪೇಟೆಗೆ ಹೋಗಿ, ಜನ ಉಂಡು ಸೇರಿದ್ದರು. ಭಜನೆಯ ಸ್ಪೀಕರಿಗೆ ನನ್ನ ಮೊಬೈಲನ್ನು ಜೋಡಿಸಿದರು. ಯಜಮಾನರು ಎದುರಿನಲ್ಲೇ, ಮಡಚಿದ ಬಲೆಯ ಮೇಲೆ ಕೂತಿದ್ದರು. ಅಭ್ಯರ್ಥಿಯ ದನಿ ಮರಳಿನ ಮೇಲೆ ಹರಡಿತು: ಬಂದರು ಬಂದೇ ಬರ್ತದೆ. ಒಬ್ಬಳು ಮುದುಕಿ ಸಮುದ್ರದ ಕಡೆ ಉಗುಳಿದಳು. 'ಯಾರು ಓದ್ತ್ರು' ಎಂಬಲ್ಲಿಗೆ ನಾನು ನಿಲ್ಲಿಸಿದೆ.

"ಇಷ್ಟೇ" ಎಂದೆ.

ಮೀನು ಮಾರುವ ಹೆಂಗಸೊಬ್ಬಳು ಎದ್ದು ನಿಂತಳು. "ಇಷ್ಟೇ ಅಲ್ಲ. ಇನ್ನೂ ಅದೆ, ಮೊಬೈಲಲ್ಲಿ ಓಡೂ ಆ ಗೆರೆ ಅರ್ಧಕ್ಕೂ ಬರ್ಲಿಲ್ಲ. ಮುಂದಿಂದು ಎಂತಾ?"

"ಮುಂದಿನದು ಬಂದರಿನ ವಿಷಯ ಅಲ್ಲ."

ಆಗ ಯಜಮಾನರೇ ಹೇಳಿದರು. ಸಿಟ್ಟಿನಿಂದಲ್ಲ, ತಿಳಿಹೇಳುವ ದನಿಯಲ್ಲಿ. "ತಂಗೀ, ನಿಲ್ಲಿಸ್ಬೇಡ. ನಾಳೆ ಅವನ ಕಡೆಯವ್ರು ಕತ್ತರಿಸಿ ಜೋಡಿಸಿದ್ದು ಅಂತ ಹೇಳ್ತ್ರು. ಪೂರಾ ಹಚ್ಚು."

"ಯಜಮಾನ್ರೇ, ಬೇಡ. ನಿಮ್ಮ ಹತ್ರ ಒಂದು ಮಾತು ಬೇರೆ ಹೇಳೂದದೆ, ಈಚೆ ಬನ್ನಿ."

"ಜನರ ಮುಂದೆ ಹೇಳೂಕಾಗದ ಮಾತು ನನ್ನ ಹತ್ರ ಎಂತಕ್ಕೆ? ಹಚ್ಚು."

ನಾನು ಹಚ್ಚಲಿಲ್ಲ. ಆ ಹೆಂಗಸೇ ಕೈ ಚಾಚಿ ಮೊಬೈಲಿನ ಮೇಲೆ ಬೆರಳು ಒತ್ತಿದಳು. ನಾನು ಮೊಬೈಲನ್ನು ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಂಡಿದ್ದರೆ ಏನಾಗುತ್ತಿತ್ತೆಂದು ಈಗಲೂ ನನಗೆ ಗೊತ್ತಿಲ್ಲ. ಮುಂದಿನದನ್ನು ಮುಚ್ಚಿಟ್ಟದ್ದೂ ಒಂದು ಸುದ್ದಿಯೇ ಆಗುತ್ತಿತ್ತು. ಎಳನೀರಿನ ಲೋಟ ಮೇಜಿಗೆ ತಾಗಿದ ಸದ್ದು, ಪೋಲೆಂಡಿನವರ ಪ್ರಶ್ನೆ, ನನ್ನದೇ ಅನುವಾದ, ಅವನ ನಗು. ಆಮೇಲೆ ಸೋಫಾ.

ಎಲ್ಲರೂ ಯಜಮಾನರನ್ನು ನೋಡಿದರು. ಅವರು ಎದ್ದರು. "ಹೋಗಿದ್ದು ಖರೆ" ಎಂದರು. "ಮಗಳ ಮದ್ವೆಗೆ ಕರೂಕೆ ಹೋಗಿದ್ದೆ. ಎಲ್ಲಾ ದೊಡ್ಡೋರ ಮನೆಗೂ ಹೋಗಿದ್ದೆ. ಅವನು ಕೂರ್ಸಿ ಚಾ ಕೊಟ್ಟಾ."

"ಮದ್ವೆಗೆ ಹೋಗಿದ್ರೆ ನಮಗೆ ಎಂತಕ್ಕೆ ಹೇಳ್ಲಿಲ್ಲ?" ಎಂದಿತು ಹಿಂದಿನಿಂದ ಒಂದು ದನಿ.

"ಎಂತಾ ಹೇಳೂದು ಅದ್ರಲ್ಲಿ?"

ಅಷ್ಟೇ ಸಾಕಾಯಿತು. ಒಬ್ಬ ಅವರ ಮಗನ ದೋಣಿಗೆ ಬಂದ ಹೊಸ ಎಂಜಿನಿನ ಮಾತೆತ್ತಿದ, ಇನ್ನೊಬ್ಬ ಹಳೆಯ ಯಾವುದೋ ಜಗಳದ ತೀರ್ಪಿನದು. ಅಭ್ಯರ್ಥಿಯ ಹೆಸರು ಆ ಸಭೆಯಲ್ಲಿ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ನಾನು ಮೈಕು ಹಿಡಿದು, ಈ ಮಾತಿಗೆ ಸಾಕ್ಷಿಯಿಲ್ಲ, ಅವನು ಬೇಕೆಂದೇ ಹೇಳಿರಬಹುದು ಎಂದು ಎರಡು ಸಲ ಹೇಳಿದೆ. ಅವನ ಬಂದರಿನ ಮಾತು ಖರೆ, ಇದು ಮಾತ್ರ ಸುಳ್ಳಾ ಎಂದು ಕೇಳಿದರು. ನಾನು ಮೊಬೈಲನ್ನು ಸ್ಪೀಕರಿನಿಂದ ಬಿಡಿಸಿಕೊಂಡೆ.

ಪೋಲೆಂಡಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೋಲೆಂಡಿನವರು ಕೇಳಿದ್ದು ಒಂದೇ ಪ್ರಶ್ನೆ.

"ಯಜಮಾನರನ್ನು ಮೊದಲೇ ಕೇಳಿದ್ದಿರಾ?"

"ನೀವು ಮೊದಲೇ ಕೇಳಿದ ಫೋನಿನಿಂದ ಏನಾಯಿತೆಂದು ನೋಡಿದ್ದೆನಲ್ಲ" ಎಂದೆ. ನನ್ನ ದನಿ ಏರಿತ್ತು. "ಕೇಳಿದವರನ್ನು ಊರು ಬಿಡಿಸಿದರು. ಕೇಳದಿದ್ದರೆ ಹೀಗೆ. ನಿಮ್ಮ ನಿಯಮ ಯಾವ ಊರಿಗೆ ಸಲ್ಲುತ್ತದೆ ಹೇಳಿ."

"ನನ್ನ ಊರಿಗೂ ಸಲ್ಲಲಿಲ್ಲ" ಎಂದರು ಅವರು. ಅವರ ವಾರಪತ್ರಿಕೆಯ ಮಾಲೀಕರು ಬದಲಾಗಿದ್ದರಂತೆ. ಲೇಖನಮಾಲೆ ನಿಂತಿತ್ತು. ನಮ್ಮ ಕರಾವಳಿಯದೇ ಕೊನೆಯದು.

ಅಭ್ಯರ್ಥಿ ಗೆದ್ದ. ಕೇರಿಯಲ್ಲಿ ಸಮಿತಿ ಎರಡಾಯಿತು. ಒಂದು ಕಡೆಯವರು ಚಪ್ಪರದಲ್ಲಿ ಕೂತರೆ ಇನ್ನೊಂದು ಕಡೆಯವರು ಬರುತ್ತಿರಲಿಲ್ಲ. ಮಳೆಗಾಲ ಕಳೆದ ಮೇಲೆ ಸಮೀಕ್ಷೆಯವರು ಪೊಲೀಸರ ಜೊತೆ ಬಂದು ಮರಳಿನಲ್ಲಿ ಗೂಟ ಹೊಡೆದಾಗ ಎದುರು ನಿಂತವರು ಬೆರಳೆಣಿಕೆಯ ಹೆಂಗಸರು. ಹೊಸ ಶಾಸಕ, ಪರಿಹಾರ ಜಾಸ್ತಿ ಕೊಡಿಸುತ್ತೇನೆ ಎಂದ. ಅದನ್ನು ವರದಿ ಮಾಡಿದವಳು ನಾನೇ. ಕೆಲಸ ಬಿಟ್ಟೆ ಎಂದು ಬರೆಯಲು ನನಗೂ ಆಸೆಯಿದೆ. ಬಿಡಲಿಲ್ಲ. ಕೇರಿಯಲ್ಲಿ ದನಿ ಕೇಳಿಸಿದ ವಿಷಯ ಬ್ಯೂರೋ ಮುಖ್ಯಸ್ಥರಿಗೆ ಗೊತ್ತಾಗಿ, ನನ್ನನ್ನು ಕೆಲವು ತಿಂಗಳು ಹವಾಮಾನ, ಸಂತಾಪ ಸೂಚನೆಗಳಿಗೆ ಹಾಕಿದರು. ಆಮೇಲೆ ಜನ ಸಾಲದೆ ಮತ್ತೆ ರಾಜಕೀಯಕ್ಕೆ ತಂದರು.

ಯಜಮಾನರು ಊರು ಬಿಟ್ಟರೆಂದು ಕೇಳಿದ್ದೆ. ಯಾರೂ ಹೋಗೆಂದಿರಲಿಲ್ಲ. ಮೊದಲ ವೀಳ್ಯ ಬರುವುದು ನಿಂತಿತು, ದೋಣಿ ಇಳಿಸುವ ಮುಂಚೆ ಕೇಳುವುದು ನಿಂತಿತು, ಅಷ್ಟೇ. ಸದಾಶಿವಗಡದಲ್ಲಿ ತಂಗಿಯ ಮನೆಯಲ್ಲಿದ್ದಾರೆ ಎಂದು ತಿಳಿದು ಒಂದು ಭಾನುವಾರ ಹೋದೆ. ನದಿಯ ಕಡೆಯ ಜಗಲಿಯಲ್ಲಿ ಬೇರೆಯವರ ಬಲೆ ಹೊಲಿಯುತ್ತಿದ್ದರು. ನನ್ನನ್ನು ನೋಡಿ ಎದ್ದು, ಕುರ್ಚಿ ಒರೆಸಿ ಕೊಟ್ಟರು. ಚಾ ತರಿಸಿದರು. ಮಗಳು ಚೆನ್ನಾಗಿದ್ದಾಳೆ ಎಂದರು. ನಾನು ಅವರನ್ನು ಒಂದೇ ಒಂದು ಪ್ರಶ್ನೆ ಕೇಳಲು ಹೋಗಿದ್ದೆ: ಮದುವೆಗೆ ಕರೆಯಲೆಂದೇ ಹೋಗಿದ್ದಿರಾ? ಕೇಳಲೆಂದು ಚಾ ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಅವರೇ ಕೇಳಿದರು.

"ತಂಗೀ, ಆ ಪೋಲೆಂಡಿನವ್ರು ಬರೆದ್ರಲ್ಲ, ಅದ್ರಲ್ಲಿ ನಾನು ಇದ್ನಾ?"

"ಇದ್ರಿ. ಮರಳಲ್ಲಿ ಗೆರೆ ಎಳೆದು ತೋರಿಸಿದ್ದೆಲ್ಲ ಬರೆದಿದ್ರು."

"ಅದಲ್ಲ. ಸೋಫಾದ್ದು."

"ಇಲ್ಲ. ನಿಮ್ಮನ್ನು ಕೇಳಲಿಕ್ಕಾಗಲಿಲ್ಲ ಅಂತ ಆ ಸಾಲು ಬಿಟ್ರು."

ಅವರು ಬಲೆಯ ಕಣ್ಣಿಗೆ ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದರು.

"ಹಂಗಾರೆ ಆ ದೇಶದಲ್ಲಿ ನಾನು ಇನ್ನೂ ಒಳ್ಳೆ ಮನ್ಷ" ಎಂದರು.